ಗೇಮ್‌ಪ್ಯಾಡ್ ಇರುವ ಪುಟ್ಟ ಲ್ಯಾಪ್‌ಟಾಪ್: ಆಯ್ಕೆಯಿಂದ ವ್ಯಾಟ್ ಲೆಕ್ಕದವರೆಗೆ ಸಮಗ್ರ ಮಾರ್ಗದರ್ಶಿ

ಈ ಪುಟ್ಟ ಲ್ಯಾಪ್‌ಟಾಪ್ ನೋಡಿದವರೆಲ್ಲ ಕೇಳುವುದು ಒಂದೇ: "ಇಷ್ಟು ಚಿಕ್ಕದರಲ್ಲಿ ದೊಡ್ಡ ಗೇಮ್ ಓಡುತ್ತಾ?" ಓಡುತ್ತೆ. ಎಷ್ಟು ವ್ಯಾಟ್‌ನಲ್ಲಿ ಓಡುತ್ತೆ, ಎಷ್ಟು ಹೊತ್ತು ಓಡುತ್ತೆ ಅಂತ ಯಾರೂ ಕೇಳುವುದಿಲ್ಲ. ನನ್ನ ಅನುಭವದಲ್ಲಿ ಈ ಸಾಧನದ ಸುಖ ದುಃಖ ಎರಡೂ ನಿಂತಿರುವುದು ಆ ಎರಡನೇ ಪ್ರಶ್ನೆಯ ಮೇಲೆ. ಲೆಕ್ಕ ಗೊತ್ತಿದ್ದವರಿಗೆ ಇದು ಅದ್ಭುತ ಸಂಗಾತಿ. ಗೊತ್ತಿಲ್ಲದವರು ಒಂದು ತಿಂಗಳಲ್ಲಿ ಬೇಸತ್ತು ಮಾರಿಬಿಡುತ್ತಾರೆ.

ನಾನು ಬಳಸುವುದು ಜಿಪಿಡಿ ವಿನ್ ಮ್ಯಾಕ್ಸ್ 2, ಎಎಂಡಿ ಕಂಪನಿಯ ರೈಜನ್ 7 7840ಯು ಚಿಪ್ ಇರುವ ಮಾದರಿ. ಹೆಚ್ಚಿನ ಉದಾಹರಣೆ ಅದರಿಂದಲೇ ಕೊಡುತ್ತೇನೆ. ಇದರ ತಮ್ಮ ವಿನ್ ಮಿನಿಗೂ ಇಲ್ಲಿನ ಮಾತು ಬಹುತೇಕ ಹೊಂದುತ್ತದೆ.

ಮೊದಲು, ನಿಮಗೆ ಕೀಬೋರ್ಡ್ ಬೇಕಾ?

ಚೀನಾದ ಶೆಂಜೆನ್‌ನ ಜಿಪಿಡಿ ಕಂಪನಿ 2016ರಲ್ಲಿ ಮೊದಲ ವಿನ್ ತಂದಿತು. 5.5 ಇಂಚಿನ ಸ್ಕ್ರೀನ್, ಇಂಟೆಲ್ ಆಟಮ್ ಚಿಪ್, 4 ಜಿಬಿ ರ‍್ಯಾಮ್. ಹಳೆಯ ಗೇಮ್‌ಗಳಿಗೆ ಅಷ್ಟು ಸಾಕಿತ್ತು. 2018ರ ವಿನ್ 2ರಲ್ಲಿ ಕೋರ್ ಎಂ3 ಚಿಪ್ ಬಂತು. 2020ರ ವಿನ್ ಮ್ಯಾಕ್ಸ್‌ನಲ್ಲಿ ಸ್ಕ್ರೀನ್ 8 ಇಂಚಾಯಿತು. 2022ರ ವಿನ್ ಮ್ಯಾಕ್ಸ್ 2 ಹೊತ್ತಿಗೆ ಅದು 10.1 ಇಂಚಾಗಿತ್ತು. ಮುಚ್ಚಳ ತೆರೆದರೆ ಪೂರ್ತಿ ಕೀಬೋರ್ಡ್, ಅದರ ಮೇಲ್ಭಾಗದಲ್ಲಿ ಎಡಕ್ಕೊಂದು ಬಲಕ್ಕೊಂದು ಜಾಯ್‌ಸ್ಟಿಕ್, ಹಿಂದೆ ಟ್ರಿಗರ್. ಆಫೀಸಿನಲ್ಲಿ ಜಾಯ್‌ಸ್ಟಿಕ್ ಕಾಣುವುದು ಬೇಡ ಅನ್ನಿಸಿದರೆ ಮುಚ್ಚಿಡಲು ಮ್ಯಾಗ್ನೆಟ್ ಇರುವ ಚಿಕ್ಕ ಮುಚ್ಚಳಗಳೂ ಜೊತೆಗೇ ಬರುತ್ತವೆ.

ತೂಕ ನೋಡಿ. ವಿನ್ ಮ್ಯಾಕ್ಸ್ 2 ಸುಮಾರು 1 ಕೆಜಿ. 7 ಇಂಚಿನ ವಿನ್ ಮಿನಿ ಸುಮಾರು 520 ಗ್ರಾಂ. ಕೀಬೋರ್ಡ್ ಇಲ್ಲದ ಆಸುಸ್ ರಾಗ್ ಅಲೈ 608 ಗ್ರಾಂ, ಮೊದಲ ಸ್ಟೀಮ್ ಡೆಕ್ 669 ಗ್ರಾಂ. ಒಂದು ಕೆಜಿಯನ್ನು ಗಾಳಿಯಲ್ಲಿ ಹಿಡಿದುಕೊಂಡು ಅರ್ಧ ಗಂಟೆ ಆಡಿದರೆ ಮುಂಗೈ ಸೋಲುತ್ತದೆ. ನಾನು ಅದನ್ನು ತೊಡೆಯ ಮೇಲೋ ಮೇಜಿನ ಅಂಚಿನಲ್ಲೋ ಊರಿಕೊಂಡೇ ಆಡುವುದು.

ಹಾಗಾಗಿ ನನ್ನ ಸಲಹೆ ನೇರವಾಗಿದೆ. ಗೇಮ್ ಮಾತ್ರ ಸಾಕು, ಮಲಗಿಕೊಂಡು ಆಡಬೇಕು ಅನ್ನುವವರು ಕೀಬೋರ್ಡ್ ಇಲ್ಲದ್ದನ್ನೇ ತೆಗೆದುಕೊಳ್ಳಿ. ರಾಗ್ ಅಲೈ 2023ರ ಜುಲೈನಲ್ಲಿ ಭಾರತದಲ್ಲೇ 69,990 ರೂಪಾಯಿಗೆ ಬಿಡುಗಡೆಯಾಯಿತು. ಇಲ್ಲೇ ಮಾರುವ ಸಾಧನಕ್ಕೆ ಇಲ್ಲೇ ವಾರಂಟಿ ಸಿಗುತ್ತದೆ. ಅದು ಸಣ್ಣ ವಿಷಯವಲ್ಲ. ಒಂದೇ ಬ್ಯಾಗಿನಲ್ಲಿ ಕೆಲಸವೂ ಆಟವೂ ಹೋಗಬೇಕು, ಊರಿಗೆ ಹೋದಾಗ ಎರಡು ಮೇಲ್ ಬರೆಯಬೇಕು, ಒಂದು ಎಕ್ಸೆಲ್ ತಿದ್ದಬೇಕು ಅನ್ನುವವರಿಗೆ ಮಾತ್ರ ಈ ಮುಚ್ಚಳದ ಜಾತಿ. ಕನ್ನಡ ಬರೆಯುವವರಿಗೆ ಇನ್ನೊಂದು ಲಾಭವಿದೆ. ವಿಂಡೋಸ್‌ನಲ್ಲಿ ಈಗ ಕನ್ನಡ ಫೋನೆಟಿಕ್ ಕೀಬೋರ್ಡ್ ಒಳಗೇ ಇರುತ್ತದೆ. ಸ್ಕ್ರೀನ್ ಮೇಲೆ ಒಂದೊಂದೇ ಅಕ್ಷರ ಒತ್ತುವ ಹಿಂಸೆ ಇಲ್ಲ. ಈ ಲೇಖನದ ಅರ್ಧ ಭಾಗ ಬರೆದದ್ದು ಅದರಲ್ಲೇ.

ಚಿಪ್, ರ‍್ಯಾಮ್ ಆಯ್ಕೆ

ಇಲ್ಲಿ ಬೇರೆ ಗ್ರಾಫಿಕ್ಸ್ ಕಾರ್ಡ್ ಇರುವುದಿಲ್ಲ. ಚಿಪ್ ಒಳಗಿನ ಗ್ರಾಫಿಕ್ಸ್‌ನದೇ ಎಲ್ಲ ಕೆಲಸ. 2022ರ 6800ಯು ಚಿಪ್‌ನಲ್ಲಿ ರೇಡಿಯಾನ್ 680ಎಂ ಗ್ರಾಫಿಕ್ಸ್, 2023ರ 7840ಯುನಲ್ಲಿ 780ಎಂ. ಆಮೇಲೆ ಬಂದ 8840ಯುನಲ್ಲೂ ಅದೇ 780ಎಂ. ಅದರಲ್ಲಿ ಹೆಚ್ಚಿಸಿದ್ದು ಎಐ ಭಾಗವನ್ನು. ಗೇಮ್‌ಗೆ ಅಂತಲೇ 7840ಯುನಿಂದ 8840ಯುಗೆ ಜಾಸ್ತಿ ದುಡ್ಡು ಕೊಡಬೇಡಿ. ಎಚ್ಎಕ್ಸ್ 370 ಚಿಪ್‌ನಲ್ಲಿ 890ಎಂ ಇದೆ. 12ರ ಬದಲು 16 ಗ್ರಾಫಿಕ್ಸ್ ಘಟಕ. ಅದು ನಿಜವಾದ ಏರಿಕೆ, ಆದರೆ ಬೆಲೆಯೂ ಏರುತ್ತದೆ.

ರ‍್ಯಾಮ್ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ. ಅದನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಆಮೇಲೆ ಸೇರಿಸಲು ಆಗುವುದಿಲ್ಲ. ಗ್ರಾಫಿಕ್ಸ್ ಕೂಡ ಇದೇ ರ‍್ಯಾಮ್‌ನಲ್ಲಿ ಪಾಲು ಕೇಳುತ್ತದೆ. 16 ಜಿಬಿ ಇದ್ದರೆ ಇಬ್ಬರಿಗೂ ಇಕ್ಕಟ್ಟು. 32 ಜಿಬಿ ತೆಗೆದುಕೊಳ್ಳಿ. ಎಸ್‌ಎಸ್‌ಡಿ (ಗೇಮ್, ಫೈಲ್ ಉಳಿಸುವ ಡಿಸ್ಕ್) ಚಿಕ್ಕದಾದರೂ ಪರವಾಗಿಲ್ಲ, ಬದಲಿಸಬಹುದು.

ತರಿಸಿಕೊಳ್ಳುವುದು

2023ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಲ್ಯಾಪ್‌ಟಾಪ್, ಟ್ಯಾಬ್ಲೆಟ್, ಅತಿ ಚಿಕ್ಕ ಕಂಪ್ಯೂಟರ್‌ಗಳ ಆಮದನ್ನು ನಿರ್ಬಂಧಿತ ಪಟ್ಟಿಗೆ ಸೇರಿಸಿತು. ಆದರೆ ಸ್ವಂತಕ್ಕೆ ಒಂದನ್ನು ಆನ್‌ಲೈನ್‌ನಲ್ಲಿ ಕೊಂಡು, ಪೋಸ್ಟ್ ಅಥವಾ ಕೊರಿಯರ್ ಮೂಲಕ ತರಿಸಲು ಪರವಾನಗಿ ಬೇಡ ಅಂತ ಆ ಆದೇಶದಲ್ಲೇ ಹೇಳಿದೆ. ಸುಂಕ ಮಾತ್ರ ಕಟ್ಟಲೇಬೇಕು. ಕೊರಿಯರ್‌ನವರು ಗುರುತಿನ ಚೀಟಿ ಕೇಳುತ್ತಾರೆ. ಬಿಲ್ಲಿನಲ್ಲಿ 'ಲ್ಯಾಪ್‌ಟಾಪ್ ಕಂಪ್ಯೂಟರ್' ಅಂತ ಸ್ಪಷ್ಟವಾಗಿರಲಿ. ಬೆಲೆ ಕಡಿಮೆ ತೋರಿಸಲು ಮಾರುವವರಿಗೆ ಹೇಳಬೇಡಿ. ಸಿಕ್ಕಿಬಿದ್ದರೆ ಉಳಿಸಿದ್ದಕ್ಕಿಂತ ಜಾಸ್ತಿ ಹೋಗುತ್ತದೆ.

ದುಬೈ, ಸಿಂಗಪುರ, ಅಮೆರಿಕದಲ್ಲಿ ನಿಮ್ಮವರು ಇದ್ದಾರಾ? ಹಾಗಿದ್ದರೆ ಅದೇ ಒಳ್ಳೆಯ ದಾರಿ. 18 ದಾಟಿದ ಪ್ರಯಾಣಿಕರು ತಮ್ಮ ಜೊತೆ ಒಂದು ಲ್ಯಾಪ್‌ಟಾಪ್ ಅನ್ನು ಸುಂಕವಿಲ್ಲದೆ ತರಬಹುದು. ಅವರ ಸ್ವಂತ ಲ್ಯಾಪ್‌ಟಾಪ್ ಕೂಡ ಬ್ಯಾಗಿನಲ್ಲಿದ್ದರೆ ಎರಡನೆಯದು ಅಂತ ಲೆಕ್ಕ ಆಗುತ್ತದೆ, ಅದು ನೆನಪಿರಲಿ. ಬ್ಯಾಟರಿ ಇರುವುದರಿಂದ ಕೈಚೀಲದಲ್ಲೇ ಇಡಲಿ. ವಿಮಾನದಲ್ಲಿ 100 ವ್ಯಾಟ್-ಅವರ್‌ವರೆಗಿನ ಬ್ಯಾಟರಿಗೆ ತಕರಾರಿಲ್ಲ. ವಿನ್ ಮ್ಯಾಕ್ಸ್ 2ರದ್ದು 67. ನಿಯಮಗಳು ಆಗಾಗ ಬದಲಾಗುತ್ತವೆ, ಹಾಗಾಗಿ ದುಡ್ಡು ಕಟ್ಟುವ ದಿನ ಒಮ್ಮೆ ಕಸ್ಟಮ್ಸ್ ತಾಣ ನೋಡಿಕೊಳ್ಳಿ.

ಮೊದಲ ಸಂಜೆ: ಆಡಬೇಡಿ, ಪರೀಕ್ಷೆ ಮಾಡಿ

ಪೆಟ್ಟಿಗೆ ತೆರೆಯುವಾಗ ವಿಡಿಯೋ ಮಾಡಿಟ್ಟುಕೊಳ್ಳಿ. ಹೊರದೇಶದ ವ್ಯಾಪಾರಿಯ ಹತ್ತಿರ ವಾದ ಮಾಡುವಾಗ ಅದೊಂದೇ ಸಾಕ್ಷಿ.

ಆಮೇಲೆ ಸ್ಕ್ರೀನ್ ತುಂಬ ಕಪ್ಪು, ಬಿಳಿ, ಕೆಂಪು ಚಿತ್ರ ಹಾಕಿ ಸತ್ತ ಪಿಕ್ಸೆಲ್ ಇದೆಯಾ ನೋಡಿ. ಎಲ್ಲ ಯುಎಸ್‌ಬಿ ಕಿಂಡಿಗೂ ಪೆನ್‌ಡ್ರೈವ್ ಹಾಕಿ ನೋಡಿ. ಎಸ್‌ಡಿ ಕಾರ್ಡ್, ಹೆಡ್‌ಫೋನ್, ವೈಫೈ, ಕ್ಯಾಮೆರಾ, ಯಾವುದನ್ನೂ ಬಿಡಬೇಡಿ. ಜಾಯ್‌ಸ್ಟಿಕ್‌ಗೆ ವಿಂಡೋಸ್‌ನ ಹುಡುಕು ಪಟ್ಟಿಯಲ್ಲಿ 'ಸೆಟ್ ಅಪ್ ಯುಎಸ್‌ಬಿ ಗೇಮ್ ಕಂಟ್ರೋಲರ್ಸ್' ತೆರೆಯಿರಿ. ಅಲ್ಲಿ ನಿಮ್ಮ ಗೇಮ್‌ಪ್ಯಾಡ್ ಎಕ್ಸ್‌ಬಾಕ್ಸ್ 360 ಕಂಟ್ರೋಲರ್ ಅಂತ ಕಾಣುತ್ತದೆ. ಪ್ರಾಪರ್ಟೀಸ್ ಒತ್ತಿ, ಕಡ್ಡಿಯನ್ನು ನಿಧಾನವಾಗಿ ಸುತ್ತಿಸಿ. ಬಿಟ್ಟಾಗ ಗುರುತು ನಡುವಿಗೆ ಬರಬೇಕು. ಟ್ರಿಗರ್ ಅರ್ಧ ಒತ್ತಿದಾಗ ಅರ್ಧವೇ ತೋರಿಸಬೇಕು.

ಈ ಜಾಯ್‌ಸ್ಟಿಕ್‌ಗಳಲ್ಲಿ ಹಾಲ್ ಸೆನ್ಸರ್ ಇದೆ. ಉಜ್ಜುವ ತುಣುಕಿನ ಬದಲು ಆಯಸ್ಕಾಂತದಿಂದ ಜಾಗ ಅಳೆಯುತ್ತದೆ. ಸವೆತದಿಂದ ತಾನೇ ಅತ್ತಿತ್ತ ಜಾರುವ ಕಾಯಿಲೆ ಬರುವುದು ಬಹಳ ಕಡಿಮೆ. ಗೇಮ್‌ಗಳಲ್ಲಿ ಡೆಡ್ ಝೋನ್, ಅಂದರೆ ಕಡ್ಡಿ ಸ್ವಲ್ಪ ಅಲ್ಲಾಡಿದರೂ ಗೇಮ್ ಲೆಕ್ಕಿಸದ ಜಾಗ, ಎಷ್ಟು ಕಡಿಮೆ ಇಡಬಹುದೋ ಅಷ್ಟು ಇಡಿ. ಗುರಿ ಹಿಡಿಯುವಾಗ ವ್ಯತ್ಯಾಸ ಗೊತ್ತಾಗುತ್ತದೆ.

ಈಗ ಅತಿ ಮುಖ್ಯವಾದ ಹೆಜ್ಜೆ. 32 ಜಿಬಿ ಪೆನ್‌ಡ್ರೈವ್ ಹಾಕಿ ವಿಂಡೋಸ್‌ನ ರಿಕವರಿ ಡ್ರೈವ್ ಮಾಡಿಟ್ಟುಕೊಳ್ಳಿ. ಜೊತೆಗೆ ತಯಾರಕರ ತಾಣದಿಂದ ನಿಮ್ಮದೇ ಮಾದರಿಯ ಡ್ರೈವರ್ (ವೈಫೈನಂಥ ಭಾಗಗಳನ್ನು ನಡೆಸುವ ತಂತ್ರಾಂಶ) ಕಟ್ಟನ್ನು ಇಳಿಸಿ ಬೇರೆ ಡಿಸ್ಕ್‌ನಲ್ಲಿ ಇಡಿ. ನಾನು ಇದನ್ನು ಮಾಡದೆ ಮೊದಲ ವಾರವೇ ವಿಂಡೋಸ್ ಹೊಸದಾಗಿ ಹಾಕಿದೆ. ವೈಫೈ ಹೋಯಿತು. ವೈಫೈ ಇಲ್ಲದೆ ವೈಫೈ ಡ್ರೈವರ್ ಇಳಿಸುವುದು ಹೇಗೆ? ಕೊನೆಗೆ ಫೋನನ್ನು ಯುಎಸ್‌ಬಿ ತಂತಿಯಲ್ಲಿ ಸಿಕ್ಕಿಸಿ ಟೆದರಿಂಗ್ ಮಾಡಿ ಪಾರಾದೆ. ಎರಡು ಸಂಜೆ ಅದರಲ್ಲೇ ಹೋಯಿತು.

ಬಯೋಸ್‌ನಲ್ಲಿ ಒಂದೇ ಬದಲಾವಣೆ

ಸ್ವಿಚ್ ಹಾಕಿದ ಕೂಡಲೇ ಡಿಲೀಟ್ ಕೀ ಒತ್ತುತ್ತಾ ಹೋದರೆ ಬಯೋಸ್, ಅಂದರೆ ವಿಂಡೋಸ್‌ಗಿಂತ ಮೊದಲು ಬರುವ ಮೂಲ ಸೆಟ್ಟಿಂಗ್ ಪರದೆ, ತೆರೆಯುತ್ತದೆ. ಅಲ್ಲಿ 'ಯುಎಂಎ ಫ್ರೇಮ್ ಬಫರ್ ಸೈಜ್' ಹುಡುಕಿ. ರ‍್ಯಾಮ್‌ನಲ್ಲಿ ಗ್ರಾಫಿಕ್ಸ್‌ಗೆ ಎಷ್ಟು ಮೀಸಲು ಅನ್ನುವುದು ಇದು. 32 ಜಿಬಿ ಇದ್ದರೆ 8 ಜಿಬಿ ಕೊಡಿ. 16 ಇದ್ದರೆ 4 ಸಾಕು. ಬೇರೆ ಯಾವುದನ್ನೂ ಸುಮ್ನೆ ಮುಟ್ಟಬೇಡಿ.

ಮೌಸ್ ಮತ್ತು ಗೇಮ್‌ಪ್ಯಾಡ್ ಸ್ವಿಚ್

'ಜಾಯ್‌ಸ್ಟಿಕ್ ಕೆಲಸ ಮಾಡುತ್ತಿಲ್ಲ' ಅನ್ನುವ ದೂರುಗಳಲ್ಲಿ ಬಹಳಷ್ಟಕ್ಕೆ ಕಾರಣ ಈ ಚಿಕ್ಕ ಸ್ವಿಚ್. ಒಂದು ಕಡೆ ಸರಿಸಿದರೆ ಜಾಯ್‌ಸ್ಟಿಕ್ ಮೌಸ್ ಆಗುತ್ತದೆ, ಇನ್ನೊಂದು ಕಡೆ ಗೇಮ್‌ಪ್ಯಾಡ್. ಗೇಮ್ ತೆರೆಯುವ ಮೊದಲೇ ಗೇಮ್‌ಪ್ಯಾಡ್ ಕಡೆಗೆ ಸರಿಸಿಡಿ. ಕೆಲವು ಗೇಮ್‌ಗಳು ಶುರುವಿನಲ್ಲಿ ಮಾತ್ರ ಕಂಟ್ರೋಲರ್ ಹುಡುಕುತ್ತವೆ. ಗೇಮ್‌ಪ್ಯಾಡ್ ಒಪ್ಪದ ಹಳೆಯ ಗೇಮ್‌ಗಳಿಗೆ ಮೌಸ್ ಮೋಡ್ ವರದಾನ. ಹಿಂಬದಿಯ ಎರಡು ಗುಂಡಿಗಳಿಗೆ ನಿಮಗೆ ಬೇಕಾದ ಕೀ ಜೋಡಿಸಬಹುದು. ನಾನು ಒಂದಕ್ಕೆ ಎಸ್ಕೇಪ್ ಇಟ್ಟಿದ್ದೇನೆ.

ವ್ಯಾಟ್ ಲೆಕ್ಕ

ನಿಧಾನವಾಗಿ ಓದಬೇಕಾದ ಭಾಗ ಇದು.

ಚಿಪ್ ಎಷ್ಟು ವಿದ್ಯುತ್ ಕುಡಿಯಬಹುದು ಅನ್ನುವ ಮಿತಿಯನ್ನು ಟಿಡಿಪಿ ಅನ್ನುತ್ತಾರೆ. ಇದನ್ನು ನೀವೇ ಇಳಿಸಬಹುದು, ಏರಿಸಬಹುದು. ಜಿಪಿಡಿಯದೇ ಮೋಷನ್ ಅಸಿಸ್ಟೆಂಟ್ ಇದೆ. ಉಚಿತವಾಗಿ ಸಿಗುವ ಹ್ಯಾಂಡ್‌ಹೆಲ್ಡ್ ಕಂಪ್ಯಾನಿಯನ್ ಕೂಡ ಇದೆ. ಎರಡರಲ್ಲಿ ಒಂದನ್ನು ಮಾತ್ರ ಇಟ್ಟುಕೊಳ್ಳಿ. ಎರಡೂ ಒಟ್ಟಿಗೆ ಓಡಿದರೆ ಒಂದು ಹಾಕಿದ ಮಿತಿಯನ್ನು ಇನ್ನೊಂದು ಅಳಿಸುತ್ತದೆ.

ಬ್ಯಾಟರಿ 67 ವ್ಯಾಟ್-ಅವರ್. ಅಂದರೆ 67 ವ್ಯಾಟ್ ಸೆಳೆದರೆ ಒಂದು ಗಂಟೆ. ಚಿಪ್‌ಗೆ 15 ವ್ಯಾಟ್ ಕೊಟ್ಟಿರಿ ಅನ್ನಿ. ಸ್ಕ್ರೀನ್, ರ‍್ಯಾಮ್, ಎಸ್‌ಎಸ್‌ಡಿ, ಫ್ಯಾನ್ ಸೇರಿ ಸುಮಾರು ಇನ್ನೊಂದು 10. ಒಟ್ಟು 25. ಬ್ಯಾಟರಿ ಎರಡೂವರೆ ಗಂಟೆಗಿಂತ ಸ್ವಲ್ಪ ಜಾಸ್ತಿ ಬರುತ್ತದೆ. ಅದೇ 28 ವ್ಯಾಟ್ ಕೊಟ್ಟರೆ ಒಟ್ಟು 38, ಬ್ಯಾಟರಿ ಒಂದೂ ಮುಕ್ಕಾಲು ಗಂಟೆ. ಎರಡು ಆಯಾಮದ ಹಗುರ ಗೇಮ್‌ಗೆ 8 ವ್ಯಾಟ್ ಕೊಟ್ಟು ಸ್ಕ್ರೀನ್ ಬೆಳಕು ಇಳಿಸಿದರೆ ನಾಲ್ಕು ಗಂಟೆ ಹತ್ತಿರ ಹೋಗುತ್ತದೆ. ವಿನ್ ಮಿನಿಯ ಬ್ಯಾಟರಿ ಸುಮಾರು 44 ವ್ಯಾಟ್-ಅವರ್. ಅದರಲ್ಲಿ 15 ವ್ಯಾಟ್ ಆಟಕ್ಕೆ ಎರಡು ಗಂಟೆ ಅಂತಿಟ್ಟುಕೊಳ್ಳಿ.

ವ್ಯಾಟ್ ಎರಡು ಪಟ್ಟು ಮಾಡಿದರೆ ಫ್ರೇಮ್ (ಸೆಕೆಂಡಿಗೆ ಮೂಡುವ ಚಿತ್ರಗಳು) ಎರಡು ಪಟ್ಟು ಆಗುತ್ತದೆಯೇ? ಆಗುವುದಿಲ್ಲ. ಚಿಪ್ ಜೋರಾಗಿ ಓಡಲು ಜಾಸ್ತಿ ವೋಲ್ಟೇಜ್ ಬೇಕು. ವಿದ್ಯುತ್ ಖರ್ಚು ಏರುವುದು ವೋಲ್ಟೇಜ್‌ನ ವರ್ಗದ ಲೆಕ್ಕದಲ್ಲಿ. ಕೊನೆಯ ನಾಲ್ಕೈದು ಫ್ರೇಮ್‌ಗಾಗಿ ಕೊಡುವ ಬೆಲೆ ಬಹಳ ದುಬಾರಿ. 7840ಯುನಲ್ಲಿ 15ರಿಂದ 20 ವ್ಯಾಟ್ ನಡುವೆ ಖರ್ಚಿಗೆ ತಕ್ಕ ಫಲ ಸಿಗುತ್ತದೆ. 28 ದಾಟಿದ ಮೇಲೆ ಹೆಚ್ಚಾಗುವುದು ಬಿಸಿ ಮತ್ತು ಸದ್ದು. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವ ಮಾತು ಇಲ್ಲಿ ಅಕ್ಷರಶಃ ನಿಜ.

ಇನ್ನೊಂದು ಗುಟ್ಟು. ಈ ವ್ಯಾಟ್‌ಗಳನ್ನು ಸಿಪಿಯು ಮತ್ತು ಗ್ರಾಫಿಕ್ಸ್ ಒಂದೇ ತಟ್ಟೆಯಿಂದ ಹಂಚಿಕೊಂಡು ತಿನ್ನುತ್ತವೆ. ಸಿಪಿಯು ಅನಗತ್ಯವಾಗಿ ಜಿಗಿದರೆ ಗ್ರಾಫಿಕ್ಸ್‌ಗೆ ಅನ್ನ ಕಡಿಮೆ. ಹ್ಯಾಂಡ್‌ಹೆಲ್ಡ್ ಕಂಪ್ಯಾನಿಯನ್‌ನಲ್ಲಿ ಸಿಪಿಯು ಬೂಸ್ಟ್ ಅನ್ನುವುದನ್ನು ಆಫ್ ಮಾಡಿ ನೋಡಿ. ಚಿತ್ರ ಭಾರಿಯಾಗಿರುವ ಗೇಮ್‌ಗಳಲ್ಲಿ 15 ವ್ಯಾಟ್‌ನಲ್ಲೂ ಆಟ ಎಷ್ಟೋ ಸಮನಾಗಿ ಹೋಗುತ್ತದೆ. ನಗರ ಕಟ್ಟುವಂಥ, ಸಾವಿರ ಪಾತ್ರಗಳ ಲೆಕ್ಕ ಇಡುವ ಗೇಮ್‌ಗಳಿಗೆ ಮಾತ್ರ ಬೂಸ್ಟ್ ಆನ್ ಇರಲಿ.

ನಿಮ್ಮ ಗೇಮ್‌ಗೆ ಸರಿಯಾದ ವ್ಯಾಟ್ ಕಂಡುಹಿಡಿಯುವುದು ಹೀಗೆ. ಎಎಂಡಿಯ ಗ್ರಾಫಿಕ್ಸ್ ತಂತ್ರಾಂಶ ಅಡ್ರಿನಲಿನ್‌ನಲ್ಲಿ ಫ್ರೇಮ್ ಎಣಿಕೆ ಪರದೆಯ ಮೇಲೆ ಕಾಣುವಂತೆ ಮಾಡಿ. ಗೇಮ್‌ನಲ್ಲಿ ತುಂಬ ಗಲಾಟೆ ಇರುವ ಜಾಗಕ್ಕೆ ಹೋಗಿ. ಮನೆಯೊಳಗಿನ ಶಾಂತ ದೃಶ್ಯ ನೋಡಿ ತೀರ್ಮಾನ ಮಾಡಬೇಡಿ. 20 ವ್ಯಾಟ್‌ನಿಂದ ಶುರು ಮಾಡಿ, 3 ವ್ಯಾಟ್ ಇಳಿಸುತ್ತಾ ಬನ್ನಿ. ಫ್ರೇಮ್ ತಡವರಿಸಲು ಶುರುವಾದಾಗ ನಿಲ್ಲಿಸಿ 2 ವ್ಯಾಟ್ ಮೇಲೆತ್ತಿ. ಅದೇ ನಿಮ್ಮ ಅಂಕಿ. ಆ ಗೇಮ್‌ಗೆ ಒಂದು ಪ್ರೊಫೈಲ್ ಮಾಡಿ ಉಳಿಸಿ. ಹತ್ತು ನಿಮಿಷದ ಕೆಲಸ, ಆಮೇಲೆ ತಿಂಗಳುಗಟ್ಟಲೆ ಯೋಚನೆ ಇಲ್ಲ.

ರೆಸಲ್ಯೂಷನ್ ಮತ್ತು ಫ್ರೇಮ್

ಸ್ಕ್ರೀನ್ 2560×1600 ಇದೆ ಅಂತ ಗೇಮ್ ಅನ್ನೂ ಅದರಲ್ಲೇ ಆಡಲು ಹೋಗಬೇಡಿ. ಅದು 40 ಲಕ್ಷ ಪಿಕ್ಸೆಲ್‌ಗೂ ಹೆಚ್ಚು. 1280×800ಕ್ಕೆ ಇಳಿಸಿ, ಸರಿಯಾಗಿ ಕಾಲು ಭಾಗ ಆಗುತ್ತದೆ. ಅಡ್ಡಕ್ಕೂ ಉದ್ದಕ್ಕೂ ನೇರ ಅರ್ಧ. ಒಂದು ಗೇಮ್ ಪಿಕ್ಸೆಲ್ ನಾಲ್ಕು ಸ್ಕ್ರೀನ್ ಪಿಕ್ಸೆಲ್ ಮೇಲೆ ಸರಿಯಾಗಿ ಕೂರುತ್ತದೆ. ಅಡ್ರಿನಲಿನ್‌ನಲ್ಲಿ ಇಂಟೀಜರ್ ಸ್ಕೇಲಿಂಗ್ ಆನ್ ಮಾಡಿದರೆ ಮಂಜು ಕವಿಯುವುದಿಲ್ಲ. ನಡುವಿನ 1920×1200 ಹೀಗೆ ಕೂರುವುದಿಲ್ಲ, ಅಂಚುಗಳು ಮಸುಕಾಗುತ್ತವೆ. ಗೇಮ್‌ನಲ್ಲಿ ಎಫ್‌ಎಸ್‌ಆರ್ (ಚಿಕ್ಕದಾಗಿ ತಯಾರಾದ ಚಿತ್ರವನ್ನು ಚೂಪಾಗಿ ದೊಡ್ಡದು ಮಾಡುವ ಎಎಂಡಿಯ ತಂತ್ರ) ಇದ್ದರೆ ಬೇರೆ ಮಾತು. ಆಗ 1920×1200 ಇಟ್ಟು ಎಫ್‌ಎಸ್‌ಆರ್ ಕ್ವಾಲಿಟಿ ಹಾಕಿ. ಒಳಗೆ ಚಿತ್ರ ತಯಾರಾಗುವುದು 1280×800ರಲ್ಲೇ, ಆದರೆ ಅಕ್ಷರಗಳು, ನಕ್ಷೆ ಚೂಪಾಗಿ ಕಾಣುತ್ತವೆ.

ಫ್ರೇಮ್ ಮಿತಿ ಹಾಕುವುದು ಬ್ಯಾಟರಿ ಉಳಿಸುವ ಅತ್ಯಂತ ಸುಲಭ ಉಪಾಯ. ಸ್ಕ್ರೀನ್ 60 ಹರ್ಟ್ಜ್ (ಸೆಕೆಂಡಿಗೆ 60 ಸಲ ಚಿತ್ರ ಬದಲಿಸುವಂಥದ್ದು) ಆಗಿದ್ದರೆ 30 ಅಥವಾ 60ಕ್ಕೆ ಮಿತಿ ಹಾಕಿ. 40 ಹಾಕಿದರೆ 60 ಅದರಿಂದ ಸಮನಾಗಿ ಭಾಗವಾಗುವುದಿಲ್ಲ. ಚಿತ್ರ ಕುಂಟುತ್ತದೆ. 120 ಹರ್ಟ್ಜ್ ಸ್ಕ್ರೀನ್ ಇರುವ ವಿನ್ ಮಿನಿ ಮಾದರಿಯಲ್ಲಿ 40 ಚಿನ್ನದಂಥ ಅಂಕಿ. ಪ್ರತಿ ಫ್ರೇಮ್ ಸರಿಯಾಗಿ ಮೂರು ಸಲ ಬರುತ್ತದೆ. 30 ಫ್ರೇಮ್ ಅಂದರೆ ಒಂದೊಂದಕ್ಕೆ 33.3 ಮಿಲಿಸೆಕೆಂಡ್. 60 ಅಂದರೆ 16.7. ಇವೆರಡರ ನಟ್ಟನಡುವೆ ಬರುವುದು 25 ಮಿಲಿಸೆಕೆಂಡ್, ಅಂದರೆ 40 ಫ್ರೇಮ್. ಅಂಕಿಯಲ್ಲಿ 40 ಅನ್ನುವುದು 30ಕ್ಕೆ ಹತ್ತಿರ. ಕೈಗೆ ಅನ್ನಿಸುವ ನಯದಲ್ಲಿ ಅದು ಸರಿಯಾಗಿ ಅರ್ಧ ದಾರಿ.

ಮುಚ್ಚಳ ಮುಚ್ಚಿದಾಗ

ಗೇಮ್ ನಡುವೆ ಮುಚ್ಚಳ ಮುಚ್ಚಿ ಬ್ಯಾಗಿಗೆ ಹಾಕಿದ್ದೀರಿ. ಎರಡು ಗಂಟೆ ಬಿಟ್ಟು ತೆಗೆದರೆ ಬಿಸಿ ಬಿಸಿ, ಬ್ಯಾಟರಿ ಖಾಲಿ. ವಿಂಡೋಸ್‌ನ ಈಗಿನ ಸ್ಲೀಪ್ ಪೂರ್ತಿ ನಿದ್ದೆ ಮಾಡುವುದಿಲ್ಲ, ಮಗ್ಗಲು ಬದಲಿಸುತ್ತಲೇ ಇರುತ್ತದೆ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ಗೆ ಹೋಗಿ, ಮುಚ್ಚಳ ಮತ್ತು ಪವರ್ ಗುಂಡಿ ಎರಡಕ್ಕೂ ಹೈಬರ್ನೇಟ್ (ಕೆಲಸವನ್ನು ಡಿಸ್ಕ್‌ನಲ್ಲಿ ಉಳಿಸಿ ಪೂರ್ತಿ ಆಫ್ ಆಗುವುದು) ಆರಿಸಿ. ಏಳಲು ಕೆಲವು ಸೆಕೆಂಡ್ ಜಾಸ್ತಿ ಹಿಡಿಯುತ್ತದೆ. ಅದಕ್ಕೆ ಪ್ರತಿಯಾಗಿ ಬ್ಯಾಟರಿ ಇಟ್ಟ ಹಾಗೇ ಇರುತ್ತದೆ.

ಚಾರ್ಜರ್, ಪವರ್ ಬ್ಯಾಂಕ್, ರೈಲು

ಯುಎಸ್‌ಬಿ-ಸಿ ಪಿಡಿ (ಪವರ್ ಡೆಲಿವರಿ) ಚಾರ್ಜರ್ 65 ವ್ಯಾಟ್‌ಗಿಂತ ಕಡಿಮೆ ಬೇಡ. ಆಡುತ್ತಲೇ ಚಾರ್ಜ್ ಏರಬೇಕಾದರೆ 100 ವ್ಯಾಟ್ ಒಳ್ಳೆಯದು. ತಂತಿಯೂ 100 ವ್ಯಾಟ್ ತಡೆಯುವಂಥದ್ದೇ ಇರಲಿ. ಫೋನಿನ 22.5 ವ್ಯಾಟ್ ಪವರ್ ಬ್ಯಾಂಕ್ ಇದಕ್ಕೆ ಸಾಲದು. ವಿಮಾನಕ್ಕೆ ಒಯ್ಯುವುದಾದರೆ ಪವರ್ ಬ್ಯಾಂಕ್ 27,000 ಎಂಎಎಚ್ ಒಳಗಿರಲಿ. 3.7 ವೋಲ್ಟ್ ಲೆಕ್ಕದಲ್ಲಿ ಅದು 100 ವ್ಯಾಟ್-ಅವರ್ ಅಂಚಿಗೆ ಬರುತ್ತದೆ.

ರಾತ್ರಿ ರೈಲಿನಲ್ಲಿ ಹುಬ್ಬಳ್ಳಿಗೋ ಕಲಬುರಗಿಗೋ ಹೊರಟವರು ಇದನ್ನು ಗಮನಿಸಿ. ಬೆಂಕಿಯ ಭಯದಿಂದ ಅನೇಕ ರೈಲುಗಳಲ್ಲಿ ರಾತ್ರಿ 11ರಿಂದ ಬೆಳಿಗ್ಗೆ 5ರವರೆಗೆ ಚಾರ್ಜಿಂಗ್ ಪ್ಲಗ್‌ಗಳನ್ನು ಆಫ್ ಮಾಡಿರುತ್ತಾರೆ. ಹತ್ತೂವರೆಗೇ ಬ್ಯಾಟರಿ ತುಂಬಿಸಿಕೊಳ್ಳಿ. ಹೆಡ್‌ಫೋನ್ ಹಾಕಿಕೊಂಡು ಆಡಿ, ಪಕ್ಕದ ಬರ್ತ್‌ನವರು ಮಲಗಿರುತ್ತಾರೆ ಅಲ್ವಾ.

ಬಿಸಿ ಮತ್ತು ಧೂಳು

ಇದು ಕೆಳಗಿನಿಂದ ಗಾಳಿ ಎಳೆದು ಹಿಂದಿನಿಂದ ಬಿಡುತ್ತದೆ. ಹಾಸಿಗೆ, ಕಂಬಳಿ, ದಿಂಬಿನ ಮೇಲೆ ಇಟ್ಟರೆ ಮೂಗು ಮುಚ್ಚಿದ ಹಾಗೆ. ತೊಡೆಯ ಮೇಲೆ ಆಡುವಾಗ ಕೆಳಗೆ ಗಟ್ಟಿ ರಟ್ಟೋ ಪುಸ್ತಕವೋ ಇರಲಿ. ಕೋಣೆಯ ಬಿಸಿ 15 ಡಿಗ್ರಿ ಏರಿದರೆ, ಅದೇ ಫ್ಯಾನ್ ವೇಗದಲ್ಲಿ ಚಿಪ್ ಬಿಸಿಯೂ ಹತ್ತಿರ ಹತ್ತಿರ ಅಷ್ಟೇ ಏರುತ್ತದೆ. ಬೆಂಗಳೂರಿನ ಡಿಸೆಂಬರ್‌ನಲ್ಲಿ 25 ವ್ಯಾಟ್‌ನಲ್ಲಿ ನೆಮ್ಮದಿಯಾಗಿದ್ದ ಸಾಧನ ರಾಯಚೂರಿನ ಮೇ ತಿಂಗಳಲ್ಲಿ ಅದೇ ವ್ಯಾಟ್‌ಗೆ ತತ್ತರಿಸುತ್ತದೆ. ಬೇಸಿಗೆಗೆ ಅಂತ 15 ವ್ಯಾಟ್‌ನ ಬೇರೆ ಪ್ರೊಫೈಲ್ ಇಟ್ಟುಕೊಳ್ಳಿ.

ಎರಡು ಮೂರು ತಿಂಗಳಿಗೊಮ್ಮೆ ಗಾಳಿ ಕಿಂಡಿಗಳನ್ನು ಮೆತ್ತನೆ ಬ್ರಷ್‌ನಿಂದ ಒರೆಸಿ. ಜೋರಾದ ಬ್ಲೋವರ್ ಹಿಡಿಯಬೇಡಿ. ಗಾಳಿಯ ರಭಸಕ್ಕೆ ಫ್ಯಾನ್ ಮಿತಿ ಮೀರಿ ತಿರುಗಿ ಹಾಳಾಗಬಹುದು.

ಉಳಿದ ಕೆಲವು

ಎಸ್‌ಎಸ್‌ಡಿ ಬದಲಿಸುವುದು ಸುಲಭ. ವಿನ್ ಮ್ಯಾಕ್ಸ್ 2ರಲ್ಲಿ 2280 ಅಳತೆಯದ್ದೊಂದು, 2230 ಅಳತೆಯದ್ದೊಂದು, ಹೀಗೆ ಎರಡು ಜಾಗ ಇವೆ. ಒಳಗೆ ಕೈ ಹಾಕುವ ಮೊದಲು ಬ್ಯಾಟರಿ ತಂತಿ ಕಳಚಿ.

2023ರ ಮಾದರಿಯಿಂದ ಆಕ್ಯುಲಿಂಕ್ ಕಿಂಡಿ ಇದೆ. ಅದರಲ್ಲಿ ಹೊರಗಿನ ಗ್ರಾಫಿಕ್ಸ್ ಕಾರ್ಡ್ ಜೋಡಿಸಿ ಮನೆಯ ಟಿವಿಯಲ್ಲಿ ದೊಡ್ಡ ಗೇಮ್ ಆಡಬಹುದು. ಇದನ್ನು ಯುಎಸ್‌ಬಿ ಹಾಗೆ ಓಡುತ್ತಿರುವಾಗ ಸಿಕ್ಕಿಸಬಾರದು, ಕೀಳಬಾರದು. ಪೂರ್ತಿ ಆಫ್ ಮಾಡಿ, ತಂತಿ ಹಾಕಿ, ಹೊರಗಿನ ಕಾರ್ಡಿನ ಪವರ್ ಕೊಟ್ಟು, ಆಮೇಲೆ ಆನ್ ಮಾಡಿ. ತೆಗೆಯುವಾಗಲೂ ಮೊದಲು ಪೂರ್ತಿ ಆಫ್.

ವಿಂಡೋಸ್ ಬೇಡ ಅನ್ನಿಸಿದರೆ ಫೆಡೋರಾ ಮೇಲೆ ಕಟ್ಟಿದ ಬ್ಯಾಝೈಟ್ ಲಿನಕ್ಸ್ ಇದೆ. ಟಿವಿ ಕನ್ಸೋಲ್ ಹಾಗೆ ಗೇಮ್‌ಪ್ಯಾಡ್‌ನಿಂದಲೇ ಎಲ್ಲ ನಡೆಯುತ್ತದೆ. ಆದರೆ ಮೋಸ ತಡೆಯುವ ತಂತ್ರಾಂಶ ಇರುವ ಹಲವು ಆನ್‌ಲೈನ್ ಗೇಮ್‌ಗಳು ಲಿನಕ್ಸ್‌ನಲ್ಲಿ ಓಡುವುದಿಲ್ಲ. ಅಂಥವನ್ನು ಗೆಳೆಯರ ಜೊತೆ ದಿನಾ ಆಡುವವರು ವಿಂಡೋಸ್‌ನಲ್ಲೇ ಇರಿ. ಎರಡೂ ಬೇಕಿದ್ದರೆ ಲಿನಕ್ಸ್ ಅನ್ನು ಆ ಎರಡನೇ ಎಸ್‌ಎಸ್‌ಡಿಗೆ ಹಾಕಿ. ಒಂದು ಕೆಟ್ಟರೂ ಇನ್ನೊಂದಕ್ಕೆ ಏನೂ ಆಗುವುದಿಲ್ಲ.

ಹಲವು ವಾರ ಮುಟ್ಟುವುದಿಲ್ಲ ಅಂತಾದರೆ ಬ್ಯಾಟರಿಯನ್ನು ಅರ್ಧಕ್ಕೆ ತಂದು, ಪೂರ್ತಿ ಆಫ್ ಮಾಡಿ ತಂಪಾದ ಕಪಾಟಿನಲ್ಲಿಡಿ. ತುಂಬಿಸಿಟ್ಟರೂ ಕೆಡುತ್ತದೆ, ಖಾಲಿ ಇಟ್ಟರೂ ಕೆಡುತ್ತದೆ.